ಫಲಿತಾಂಶದ ಪಟ್ಟಿಯನ್ನು ಓದುವ ಬಗೆ
(ಪೋಷಕರ ಸಭೆಯಲ್ಲಿ ಗಣಿತ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಿಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಇಂಗ್ಲಿಷ್ ಮಾಧ್ಯಮದಲ್ಲಿ ನೂರಕ್ಕೆ 83 ಪಾಸು, ಕನ್ನಡದಲ್ಲಿ 75. ಇನ್ನೂ ಮಗುವನ್ನು ಇಲ್ಲೇ ಇಡಬೇಕೇ?" ಟಿ.ಸಿ. ಕೇಳುವ ಮೊದಲು ನನ್ನೊಡನೆ ಒಂದು ಲೆಕ್ಕ ಮಾಡಿ. ಇದರ ಅಂಕಿಗಳು ವಿವರಣೆಗಾಗಿ ನಾನು ಕಲ್ಪಿಸಿಕೊಂಡವು.

ಒಂದು ಊರಿನಲ್ಲಿ ಪರೀಕ್ಷೆಗೆ ಕುಳಿತವರು 100 ಮಕ್ಕಳು. ಇಂಗ್ಲಿಷ್ ಮಾಧ್ಯಮದ 60 ಮಂದಿಯಲ್ಲಿ 50 ಪಾಸು, ಕನ್ನಡದ 40ರಲ್ಲಿ 30. ಮಾಧ್ಯಮಕ್ಕೂ ಪಾಸಿಗೂ ಸಂಬಂಧವೇ ಇಲ್ಲ ಎಂದಿಟ್ಟುಕೊಳ್ಳಿ. ಆಗ ಒಟ್ಟಾರೆ ಪ್ರಮಾಣವಾದ ನೂರಕ್ಕೆ 80 ಎರಡೂ ಕಡೆ ಬರಬೇಕು: ಅಲ್ಲಿ 48, ಇಲ್ಲಿ 32. ನಿರೀಕ್ಷೆಗೂ ನಿಜಕ್ಕೂ ಇರುವ ಅಂತರ ಎರಡೇ ಮಕ್ಕಳು! ಫೇಲಾದವರ ನಿರೀಕ್ಷಿತ ಸಂಖ್ಯೆ 12 ಮತ್ತು 8. ಅಲ್ಲಿಯೂ ಅಂತರ ಎರಡೇ. ನಾಲ್ಕು ಮನೆಗಳಲ್ಲೂ ಅಂತರವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ಕೂಡಿಸಿರಿ. 1.04 ಬರುತ್ತದೆ. 1900ರಲ್ಲಿ ಕಾರ್ಲ್ ಪಿಯರ್‌ಸನ್ ಕೊಟ್ಟ ಕೈ-ವರ್ಗ ಪರೀಕ್ಷೆ ಇದೇ. ಸಂಬಂಧವಿಲ್ಲದಿದ್ದರೆ, ಬರೀ ಆಕಸ್ಮಿಕವಾಗಿ ಈ ಮೊತ್ತ 3.84ನ್ನು ಮೀರುವುದು ನೂರಕ್ಕೆ ಸುಮಾರು ಐದು ಸಲ ಮಾತ್ರ. ನಮ್ಮದು ಅದರ ಹತ್ತಿರವೂ ಇಲ್ಲ.

ಹಾಗೆಂದು ಸಂಬಂಧವಿಲ್ಲವೆಂದು ಸಿದ್ಧವಾಯಿತೇ? ಇಲ್ಲ. ಅದೇ ಶೇಕಡಾವಾರು 1000 ಮಕ್ಕಳಲ್ಲಿ ಬಂದಿದ್ದರೆ ಮೊತ್ತ 10.4 ಆಗುತ್ತಿತ್ತು. ಆಗ ಅದನ್ನು ಆಕಸ್ಮಿಕವೆಂದು ತಳ್ಳಿಹಾಕಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಆದರೆ ಸಂಬಂಧ ಕಂಡಿತೆಂದರೆ ಕಾರಣವೂ ಕಂಡಿತೆಂದಲ್ಲ. ಇದಕ್ಕೆ ನಡೆದ ಸಂಗತಿಯೇ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳಿಗೆ 1973ರಲ್ಲಿ 8442 ಗಂಡಸರು, 4321 ಹೆಂಗಸರು ಅರ್ಜಿ ಹಾಕಿದ್ದರು. ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಮಂದಿಗೆ ಸೀಟು. ಕೈ-ವರ್ಗ 110ಕ್ಕೂ ಮೇಲೆ! ಪಕ್ಷಪಾತವೆಂದು ಯಾರಿಗಾದರೂ ಅನಿಸಬೇಕು. ಬಿಕೆಲ್ ಮತ್ತು ಸಂಗಡಿಗರು ವಿಭಾಗವಾರು ಬಿಡಿಸಿ ನೋಡಿ 1975ರಲ್ಲಿ ಪ್ರಕಟಿಸಿದರು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಯಾರಿಗೂ ಸುಲಭವಾಗಿ ಸೀಟು ಸಿಗದ ವಿಭಾಗಗಳಿಗೆ. ಅರ್ಜಿ ಹೆಚ್ಚು ಬಂದ ವಿಭಾಗವೊಂದರಲ್ಲಂತೂ ಗಂಡಸರಲ್ಲಿ ಶೇ. 62, ಹೆಂಗಸರಲ್ಲಿ ಶೇ. 82 ಮಂದಿ ಆಯ್ಕೆಯಾಗಿದ್ದರು. ಒಟ್ಟು ಪಟ್ಟಿ ಮಾತ್ರ ಬೇರೆ ಕಥೆ ಹೇಳುತ್ತಿತ್ತು.

ನಮ್ಮ ಪಟ್ಟಿಯನ್ನೂ ಹೀಗೆ ಬಿಡಿಸಿ. ಪಠ್ಯಪುಸ್ತಕ ಜೂನ್‌ನಲ್ಲೇ ಬಂದ ಶಾಲೆಗಳು, ತಡವಾಗಿ ಬಂದವು; ಗಣಿತಕ್ಕೆ ಕನ್ನಡ ಬಲ್ಲ ಅಧ್ಯಾಪಕರಿದ್ದವು, ಇಲ್ಲದವು; ಟ್ಯೂಷನ್‌ಗೆ ಹೋಗುವ ಮಕ್ಕಳು, ಹೋಗದವರು. ಒಂದೇ ಬಗೆಯ ಶಾಲೆಗಳನ್ನು ಹೋಲಿಸಿದಾಗ ಅಂತರ ಕರಗಿದರೆ, ನೀವು ಕೇಳಬೇಕಾದದ್ದು ಟಿ.ಸಿ. ಅಲ್ಲ, ಅಧ್ಯಾಪಕರ ನೇಮಕ. ಕರಗದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳೋಣ.

ಒಂದು ಎಚ್ಚರಿಕೆ. ಯಾವುದೇ ಮನೆಯ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಈ ಪರೀಕ್ಷೆಯನ್ನು ನಂಬುವುದು ಕಷ್ಟ. ಹನ್ನೆರಡು ಮಕ್ಕಳ ತರಗತಿಗೆ ಇದು ಹಿಡಿಸದು. ಆದ್ದರಿಂದ ಮುಖ್ಯೋಪಾಧ್ಯಾಯರಿಂದ ಐದಾರು ವರ್ಷಗಳ ಲೆಕ್ಕವನ್ನು, ಶೇಕಡಾವಾರಲ್ಲ, ಮಕ್ಕಳ ಸಂಖ್ಯೆಯನ್ನೇ ಬರೆಸಿಕೊಂಡು ಮುಂದಿನ ಸಭೆಗೆ ತನ್ನಿ. ಕರಿಹಲಗೆಯ ಮೇಲೆ ಒಟ್ಟಿಗೇ ಲೆಕ್ಕ ಹಾಕೋಣ.