ಮೀನುಗಾರರ ನೇರ ಮಾರಾಟ: ಹಾಲು ಉತ್ಪಾದಕರು ಕಲಿಯಬೇಕಾದ ಪಾಠ

(ಕಮಲಾಪುರದಲ್ಲಿ ಸೇರಿದ್ದ ಸದಸ್ಯರೆದುರು ಮಾಡಿದ ಭಾಷಣದ ಬರಹರೂಪ)



ಹಾಲಿನ ಸಭೆಯಲ್ಲಿ ಮೀನಿನ ಮಾತೇಕೆ ಎಂದು ನಿಮಗೆ ಅನಿಸಬಹುದು. ನಿಮ್ಮಲ್ಲಿ ಅನೇಕರು ಮೀನು ಮುಟ್ಟುವವರಲ್ಲ ಎಂಬುದೂ ನನಗೆ ಗೊತ್ತು. ಮೀನು ತಿನ್ನಿರೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆದರೆ ಮೀನು ಹಿಡಿಯುವವರ ಕಷ್ಟವೂ ಹಾಲು ಹಿಂಡುವವರ ಕಷ್ಟವೂ ಒಂದೇ ಬಗೆಯದು. ತೊಗರಿಯ ದರ ಬಿದ್ದರೆ ಚೀಲ ಹೊಲಿದು ನಾಲ್ಕು ದಿನ ಇಡಬಹುದು. ಹಾಲನ್ನಾಗಲಿ ಮೀನನ್ನಾಗಲಿ ಹಾಗೆ ಇಡಲು ಬರುವುದಿಲ್ಲ. ಕಾಯಲಾಗದ ಸರಕು ಹಿಡಿದವನ ಎದುರಿಗೆ ಕಾಯಬಲ್ಲ ವ್ಯಾಪಾರಿ ನಿಂತರೆ, ದರ ಹೇಳುವವನು ವ್ಯಾಪಾರಿಯೇ ಆಗುತ್ತಾನೆ.

ಇದರಿಂದ ಪಾರಾಗಲು ಕೆಲವು ಮೀನುಗಾರ ಕುಟುಂಬಗಳು ತಿನ್ನುವವರಿಗೇ ನೇರವಾಗಿ ಮಾರುತ್ತವೆ. ನಮ್ಮ ಹಳ್ಳಿಗಳಲ್ಲಿಯೂ ಅದೇ ಪ್ರಶ್ನೆ ಎದ್ದಿದೆ. "ಸಂಘಕ್ಕೇ ಯಾಕೆ ಹಾಕಬೇಕು? ಇಲ್ಲಿಂದ ಸುಮಾರು 35 ಕಿಲೋಮೀಟರಿಗೆ ಕಲಬುರಗಿ ಇದೆ. ಅಲ್ಲಿಯ ಹೋಟೆಲಿಗೆ ಕೊಟ್ಟರೆ ನಾಲ್ಕು ರೂಪಾಯಿ ಹೆಚ್ಚು ಸಿಗುತ್ತದಲ್ಲ?" ಎಂದು ಕೇಳುವವರಿದ್ದಾರೆ. ಉತ್ತರಿಸುವ ಮೊದಲು ಮೀನುಗಾರರ ಲೆಕ್ಕವನ್ನು ನೋಡೋಣ.

ಉಡುಪಿ, ದಕ್ಷಿಣ ಕನ್ನಡದ ಕರಾವಳಿಯಲ್ಲಿ ನೇರ ಮಾರಾಟ ಹೊಸದಲ್ಲ. ಗಂಡಸರು ತಂದ ಬಂಗುಡೆ, ಬೂತಾಯಿಯನ್ನು ಮೊಗವೀರ ಹೆಂಗಸರು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಮಾರುತ್ತ ಬಂದಿದ್ದಾರೆ. ಯಾವ ಮನೆಗೆ ಯಾವ ಮೀನು ಬೇಕು, ಯಾರು ಕೈಯಲ್ಲಿ ರೊಕ್ಕ ಕೊಡುತ್ತಾರೆ, ಯಾರದು ಉದ್ರಿ ಎಂಬುದೆಲ್ಲ ಆ ತಾಯಿಗೆ ಬಾಯಿಪಾಠ. ಇಂದು ಕೆಟ್ಟ ಮೀನು ಕೊಟ್ಟರೆ ನಾಳೆ ಅದೇ ಬಾಗಿಲಲ್ಲಿ ನಿಂತು ಮಾತು ಕೇಳಬೇಕು. ದಲಾಲಿಗೆ ಮಾರಿದವನಿಗೆ ಈ ಭಯವಿಲ್ಲ. ಮುಖ ನೋಡಿ ಮಾರುವವರಿಗೆ ಇದು ದಿನದ ಪರೀಕ್ಷೆ.

ಅದೇ ಕರಾವಳಿಯಲ್ಲಿ ಇನ್ನೊಂದು ಪಾಠವಿದೆ. ಹಿಂದೆ ರಂಪಣಿ ಎಂಬ ದೊಡ್ಡ ಬಲೆ ಇತ್ತು. ಹತ್ತಾರು ಜನ ಕೂಡಿ ದಡದಿಂದ ಅದನ್ನು ಎಳೆಯುತ್ತಿದ್ದರು. ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದಿತು. ಮೀನಿನ ಹಿಂಡು ದಡ ಸೇರುವ ಮೊದಲೇ ಅದನ್ನು ಸುತ್ತುಗಟ್ಟಿ ಹಿಡಿಯುವ ಬಲೆ ಅದು. ಹತ್ತು ವರ್ಷ ತುಂಬುವುದರೊಳಗೆ ರಂಪಣಿಗಳು ಬಹುಮಟ್ಟಿಗೆ ಮೂಲೆ ಸೇರಿದವು. ಸಮುದ್ರ ಎಷ್ಟೇ ದೊಡ್ಡದಾದರೂ ಬಾಚಿಕೊಳ್ಳುವವರಿಗೆ ಮಿತಿ ಬೇಕೆಂದು ಎಲ್ಲರಿಗೂ ತಿಳಿಯಿತು. ಈಗ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಮಳೆಗಾಲಕ್ಕೆ ಕೊಟ್ಟ ಬಿಡುವು ಅದು.

ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಈ ಮಿತಿಯನ್ನು ಎಣಿಸಿಯೇ ಪಾಲಿಸುತ್ತಾರೆ. 1959ರಲ್ಲಿ ಜಾರಿಗೆ ಬಂದ ಆ ರಾಜ್ಯದ ಸಂವಿಧಾನದಲ್ಲಿಯೇ, ಮೀನಿನ ಸಂಪತ್ತನ್ನು ಮುಂದೆಯೂ ಇಳುವರಿ ಬರುವಂತೆ ಬಳಸಬೇಕೆಂದು ಬರೆದಿದ್ದಾರೆ. ಅಲ್ಲಿಯ ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೆ ಬರುತ್ತದೆ. ಸರಕಾರದ ಸಿಬ್ಬಂದಿ ಹೊಳೆಯ ದಡದ ಅಟ್ಟಣೆಯ ಮೇಲೆ ಕುಳಿತು, ಇಲ್ಲವೆ ಯಂತ್ರದ ನೆರವಿನಿಂದ, ಮೇಲೇರುವ ಮೀನನ್ನು ಲೆಕ್ಕ ಹಾಕುತ್ತಾರೆ. ಬೀಜಕ್ಕೆ ಬೇಕಾದಷ್ಟು ಮೀನು ದಾಟುವ ಲಕ್ಷಣ ಕಾಣದಿದ್ದರೆ ಬಲೆ ಹಾಕುವುದನ್ನು ನಿಲ್ಲಿಸುತ್ತಾರೆ. ಅಲ್ಲಿಯ ಕೆಲವು ಕುಟುಂಬಗಳು ತಾವು ಹಿಡಿದ ಮೀನನ್ನು ಶುಚಿ ಮಾಡಿಸಿ, ಹೆಪ್ಪುಗಟ್ಟಿಸಿ, ದೂರದ ಊರುಗಳ ಗಿರಾಕಿಗಳಿಗೆ ನೇರವಾಗಿ ಮಾರುತ್ತವೆ. ಅದೇ ದೇಶದ ಮೇನ್ ರಾಜ್ಯದ ಪೋರ್ಟ್ ಕ್ಲೈಡ್‌ನ ಮೀನುಗಾರರು 2007ರಲ್ಲಿ ಇನ್ನೊಂದು ದಾರಿ ತೆರೆದರು. ಗಿರಾಕಿಗಳು ಹಂಗಾಮಿನ ರೊಕ್ಕವನ್ನು ಮುಂಗಡವಾಗಿ ಕೊಡುವುದು, ಮೀನುಗಾರರು ಬಂದ ಮೀನನ್ನು ವಾರವಾರ ತಲುಪಿಸುವುದು. ಹೀಗೆ ಗಿರಾಕಿಯೂ ಕಷ್ಟದಲ್ಲಿ ಪಾಲುದಾರನಾದ.

ದೂರದ ಮಾತು ಬಿಟ್ಟು ನಮ್ಮ ತಾಲೂಕಿಗೆ ಬರೋಣ. ಬೆಳಕೋಟಾ ಹತ್ತಿರ ಗಂಡೋರಿ ನಾಲಾ ಜಲಾಶಯವಿದೆ. ಜಿಲ್ಲೆಯಲ್ಲಿ ಭೀಮೆ ಹರಿಯುತ್ತಾಳೆ. ನಮ್ಮ ಕೆರೆ, ಜಲಾಶಯಗಳಲ್ಲಿ ಬೆಳೆಯುವುದು ಹೆಚ್ಚಾಗಿ ಬಿತ್ತಿದ ಮೀನು. ಕಾಟ್ಲಾ, ರೋಹು, ಮೃಗಾಲ್ ಹೊಳೆಗೆ ಹೊಸನೀರು ಬಂದಾಗ ಮೊಟ್ಟೆಯಿಡುವ ಜಾತಿಗಳು. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಆದ್ದರಿಂದ ಮರಿಗಳನ್ನು ತಂದು ಬಿಡಬೇಕಾಗುತ್ತದೆ. ಒಳ್ಳೆಯ ನೀರಿನಲ್ಲಿ ಕಾಟ್ಲಾ ಒಂದು ವರ್ಷಕ್ಕೆ ಒಂದು ಕಿಲೋ ತೂಗಬಲ್ಲದು. ಸಣ್ಣ ಕಣ್ಣಿನ ಬಲೆ ಹಾಕಿ ಪಾವು ಕಿಲೋದ ಮರಿಯನ್ನೇ ಎತ್ತಿದರೆ ಇಂದಿನ ಸಂತೆ ಸಾಗೀತು. ಮುಂದಿನ ವರ್ಷದ ಮುಕ್ಕಾಲು ಕಿಲೋ ಹೋಯಿತು. ಕೆರೆ ಹಿಡಿದ ಸಂಘದಲ್ಲಿ ಒಬ್ಬ ಸದಸ್ಯ ಹೀಗೆ ಮಾಡಿದರೂ ನಷ್ಟ ಎಲ್ಲರದು.

ಇನ್ನು ಮಾರಾಟದ ಲೆಕ್ಕ. ಜಲಾಶಯದ ಮೀನನ್ನು ಕಲಬುರಗಿಯ ಗಿರಾಕಿಗೆ ತಾನೇ ಮುಟ್ಟಿಸಬೇಕೆಂದರೆ ಒಂದು ಕುಟುಂಬಕ್ಕೆ ಏನೇನು ಬೇಕು? ನಮ್ಮ ಬಿಸಿಲಿನಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕು. ಗಾಡಿ ಬೇಕು, ಸರಿಯಾದ ತಕ್ಕಡಿ ಬೇಕು, ಹೆಚ್ಚಿ ಕೊಡುವ ಕೈ ಬೇಕು. ಕಿವಿರು ಕೆಂಪಗಿದೆಯೇ, ಕಣ್ಣು ತಿಳಿಯಾಗಿದೆಯೇ, ಒತ್ತಿದ ಬೆರಳಿನ ಗುಳಿ ಮತ್ತೆ ತುಂಬುತ್ತದೆಯೇ ಎಂದು ಗಿರಾಕಿ ನೋಡುತ್ತಾನೆ. ಸಂಜೆಗೆ ಉಳಿದದ್ದು ಮನೆಯವರ ತಲೆಯ ಮೇಲೆ. ದಲಾಲಿಯ ಪಾಲು ಈ ಕುಟುಂಬಕ್ಕೆ ಬರುವುದು ದಲಾಲಿಯ ಕೆಲಸವನ್ನೂ ಜೋಖಮಿಯನ್ನೂ ಅದು ಹೊತ್ತುಕೊಂಡಾಗ ಮಾತ್ರ. ಹೆಚ್ಚಿನ ದರ ದೂಳಿನಲ್ಲಿ ಬಿದ್ದು ಸಿಗುವುದಿಲ್ಲ.

ಬಂಧುಗಳೆ, ಈ ಲೆಕ್ಕವನ್ನು ಈಗ ಹಾಲಿಗೆ ಹಾಕಿ ನೋಡಿ. ತಣ್ಣಗಾಗಿಸುವುದು, ಫ್ಯಾಟು ನೋಡುವುದು, ಗಾಡಿ ಓಡಿಸುವುದು, ಪಾಕೀಟು ಮಾಡುವುದು, ಉಳಿದದ್ದನ್ನು ಪುಡಿ, ತುಪ್ಪ ಮಾಡುವುದು — ಇಷ್ಟೂ ಕೆಲಸವನ್ನು ನಾವು ಕೂಡಿ ಮಾಡಲು ಕಟ್ಟಿಕೊಂಡದ್ದೇ ಸಂಘ ಮತ್ತು ಒಕ್ಕೂಟ. ನಮ್ಮ ನೇರ ಮಾರಾಟ ಇದೇ. ಸಂಘಕ್ಕೆ ಹಾಕಿದ ಹಾಲಿಗೆ ಸರಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬರುತ್ತದೆ. ಹೋಟೆಲಿಗೆ ಹಾಕಿದ ಹಾಲಿಗೆ ಅದಿಲ್ಲ. ನಾಲ್ಕು ರೂಪಾಯಿ ಎಣಿಸುವಾಗ ಈ ಐದನ್ನೂ ಎಣಿಸಬೇಕು.

ಮನೆಯಲ್ಲಿ ಖೋವಾ, ತುಪ್ಪ ಮಾಡಿ ಸ್ವಂತ ಗಿರಾಕಿ ಕಟ್ಟಿಕೊಂಡವರನ್ನು ನಾನು ದೂರುವುದಿಲ್ಲ. ಕೆಲಸ ಮಾಡಿದವರಿಗೆ ಅದರ ಫಲ ಸಿಗಲಿ. ಬೇಸಿಗೆಯಲ್ಲಿ ಹಾಲು ಹೋಟೆಲಿಗೆ, ಮಳೆಗಾಲದಲ್ಲಿ ಮಿಕ್ಕದ್ದು ಸಂಘಕ್ಕೆ ಎಂಬ ನಡೆಯ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಸಣ್ಣ ಕಣ್ಣಿನ ಬಲೆಯೇ. ಬೇಸಿಗೆಯಲ್ಲಿ ಕ್ಯಾನು ತುಂಬದಿದ್ದರೆ ಗಾಡಿ ಬರುವುದು ನಿಲ್ಲುತ್ತದೆ. ಹತ್ತು ಎಮ್ಮೆ ಇದ್ದವನು ಮೋಟಾರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕಲಬುರಗಿಗೆ ಹೋದಾನು. ಒಂದೇ ಎಮ್ಮೆ ಕಟ್ಟಿ ಒಂದೂವರೆ ಲೀಟರು ಹಾಕುವ ವಿಧವೆ ತಾಯಿ ಎಲ್ಲಿಗೆ ಹೋಗಬೇಕು? ಸಂಘದ ಬಾಗಿಲು ಮುಚ್ಚಿದ ದಿನ ಅವಳ ಹಾಲಿಗೆ ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ದರ.

ಬೀಜದ ಮೀನಿನ ಮಾತು ಕರುವಿಗೂ ಸಲ್ಲುತ್ತದೆ. ಹುಟ್ಟಿದ ಕರುವಿಗೆ ಮೊದಲ ಒಂದೆರಡು ತಾಸಿನಲ್ಲಿಯೇ ಗಿಣ್ಣದ ಹಾಲು ಸಿಗಬೇಕು. ಇಪ್ಪತ್ತೈದು ಕಿಲೋ ತೂಕದ ಕರುವಾದರೆ ದಿನಕ್ಕೆ ಎರಡೂವರೆ ಲೀಟರು, ಎರಡು ಮೂರು ಸಲ ಹಂಚಿ ಕುಡಿಸಬೇಕು. ಕರುವಿನ ಪಾಲನ್ನು ಕ್ಯಾನಿಗೆ ಸುರಿದು, ಒಳ್ಳೆಯ ಹೆಣ್ಣುಗರುವನ್ನು ಸಂತೆಗೆ ಹೊಡೆದವನು ಮೂರು ವರ್ಷದ ನಂತರದ ಹಾಲನ್ನು ಇಂದೇ ಮಾರಿದ ಹಾಗೆ.

ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವುದನ್ನೇ ಕಾಯಕ ಮಾಡಿಕೊಂಡ ಅಂಬಿಗರ ಚೌಡಯ್ಯನವರು ಶರಣರಾಗಿ ಬಾಳಿದ್ದು ಕಲ್ಯಾಣದ ಈ ಸೀಮೆಯಲ್ಲಿಯೇ. ದೋಣಿಯಲ್ಲಿ ಒಬ್ಬ ತೂತು ಕೊರೆದರೆ ಮುಳುಗುವವರು ಎಲ್ಲರೂ ಎಂಬುದನ್ನು ಅಂಬಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರುವ ಬೇಸಿಗೆಯಲ್ಲಿ, ಹಾಲು ಕಡಿಮೆಯಾಗುವ ಆ ತಿಂಗಳುಗಳಲ್ಲಿ, ನಿಮ್ಮ ಕ್ಯಾನು ಯಾವ ದಾರಿ ಹಿಡಿಯಬೇಕೆಂದು ಇಂದೇ ಮನೆಯವರೊಡನೆ ಕುಳಿತು ಲೆಕ್ಕ ಹಾಕಿರಿ.