ಒಂಬತ್ತೇ ಓಟ

ಕಾಂಗೇಯಂ ಎತ್ತುಗಳು ರೇಕ್ಲಾ ಗಾಡಿ ಎಳೆದು ಓಡುವ ಕೊಯಮತ್ತೂರು ಸೀಮೆಯಲ್ಲಿ ಮೋಟಾರು ಓಟದ ಹುಚ್ಚೂ ಹಳೆಯದು. ಅಲ್ಲಿನ ಕರಿವರ್ಧನ್ ಅವರು ಮಾರುತಿ ಎಂಜಿನ್ ಕೂರಿಸಿ, ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ಕಟ್ಟಿ ಹುಡುಗರ ಕೈಗೆ ಕೊಟ್ಟರು. ನರೇನ್ ಕಾರ್ತಿಕೇಯನ್ ಓಟ ಆರಂಭಿಸಿದ್ದು ಅಂಥದೇ ಕಾರಿನಲ್ಲಿ. 2005ರಲ್ಲಿ ಅವರು ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು.

2010ರಲ್ಲಿ ಅವರು ಅಮೆರಿಕದ ನ್ಯಾಸ್ಕಾರ್ ಟ್ರಕ್ ಓಟದ ಸರಣಿಗೆ ಇಳಿದರು. ಗೊತ್ತಿಲ್ಲದ ಟ್ರ್ಯಾಕು, ಭಾರದ ಗಾಡಿ. ಪೂರ್ತಿ ಋತುವೂ ದಕ್ಕಲಿಲ್ಲ, ಒಂಬತ್ತೇ ಓಟ. ಆದರೂ ಮಾರ್ಟಿನ್ಸ್‌ವಿಲ್‌ನ ಮೊದಲ ಓಟದಲ್ಲೇ 13ನೇ ಸ್ಥಾನ! ಆ ವರ್ಷ ಅಭಿಮಾನಿಗಳು ಅವರನ್ನೇ ಸರಣಿಯ ಅತ್ಯಂತ ಜನಪ್ರಿಯ ಚಾಲಕರಾಗಿ ಆರಿಸಿದರು. ನನಗೆ ಇದು ದೊಡ್ಡ ಗೆಲುವೇ.

ನಿಮ್ಮ ಮನೆಯಲ್ಲೂ ಅರೆಕಾಲಿಕ ಕನಸೊಂದರ ಹಿಂದೆ ಓಡುವ ಮಗನೋ ಮಗಳೋ ಇದ್ದರೆ, ಇಂದು ಜೊತೆಗೆ ಕೂತು ಅವರ ಮಾತು ಕೇಳಿ.