ಊರಿನ ಋಣಕ್ಕೆ ಸಾಕ್ಷಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಮಾತನಾಡಲು ನಿಂತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಹೇಳುವನೆಂದು ಸಭಿಕರು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವುದು ತೀರ ಲೌಕಿಕವಾದ ವಿಷಯ. ಪರದೇಶದಲ್ಲಿರುವ ಮಕ್ಕಳನ್ನು ಕಂಡುಬರಲು ವೀಸಾ ಬೇಡುವ ನಮ್ಮ ಹಿರಿಯರು ತಮ್ಮ ಹಣಕಾಸನ್ನೂ ಊರಿನೊಡನೆ ತಮಗಿರುವ ನಂಟನ್ನೂ ಹೇಗೆ ತೋರಿಸಿಕೊಡಬೇಕೆಂಬುದೇ ಆ ವಿಷಯ. ಸಂಜೆ ಶಾಲೆ ಬಿಟ್ಟ ಮೇಲೆ ಅರ್ಜಿ ಬರೆಸಿಕೊಳ್ಳಲು ನನ್ನ ಮನೆಯ ಜಗಲಿಗೆ ಬರುವವರಲ್ಲಿ ಈಗ ಇಂಥವರೇ ಹೆಚ್ಚು. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಬಂದುದು ನಾನೇ ಮಾಡಿದ ಒಂದು ತಪ್ಪಿನಿಂದ. ಆದುದರಿಂದ ಮೊದಲು ಅದನ್ನೇ ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಅಮೆರಿಕದಲ್ಲಿರುವ ಮಗನ ಮನೆಗೆ, ಚೊಚ್ಚಲ ಮೊಮ್ಮಗುವನ್ನು ನೋಡಲು ಹೊರಟಳು. ಭಾವ ತೋಟ, ದನಕರು ನೋಡಿಕೊಂಡು ಊರಿನಲ್ಲಿ ಉಳಿಯುವುದೆಂದು ನಿಶ್ಚಯವಾಗಿತ್ತು. ಅರ್ಜಿಯ ಕೆಲಸ ನನ್ನದು. ಬ್ಯಾಂಕಿನ ಪಾಸುಪುಸ್ತಕ ತುಂಬಿ ಕಾಣಬೇಕೆಂದು ತಿಳಿದವರೆನಿಸಿಕೊಂಡ ಒಬ್ಬರು ಹೇಳಿದರು. ನಾನು ನಂಟರಿಷ್ಟರಲ್ಲಿ ಕೈಗಡ ತಂದು, ಸಂದರ್ಶನಕ್ಕೆ ಒಂದು ವಾರ ಮುಂಚೆ ನಾಲ್ಕು ಲಕ್ಷ ರೂಪಾಯಿಗಳನ್ನು ಅಕ್ಕನ ಖಾತೆಗೆ ತುಂಬಿದೆ. ಅಧಿಕಾರಿ ಕೇಳಿದ್ದು ಎರಡೇ ಮಾತು: ವರ್ಷಕ್ಕೆ ಆದಾಯವೆಷ್ಟು? ಈ ಹಣ ಎಲ್ಲಿಂದ ಬಂತು? ಅಕ್ಕ ತಲೆ ತಗ್ಗಿಸಿ ನಿಂತಳು. ವೀಸಾ ಸಿಗಲಿಲ್ಲ. ಹಿಂದಿರುಗುವ ರೈಲಿನಲ್ಲಿ ಅವಳೆಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಸುಳ್ಳು ಹೇಳಲು ನಾಲಗೆ ಬರಲಿಲ್ಲ ತಮ್ಮಾ, ನಿಜ ಹೇಳಲು ನಾಚಿಕೆಯಾಯಿತು.”

ತಪ್ಪು ಅವಳದಲ್ಲ, ನನ್ನದು. ಸಾಲದ ಒಡವೆ ತೊಡಿಸಿ ಹೆಣ್ಣನ್ನು ಹಸೆಗೆ ಕೂರಿಸಿದಂತೆ ನಾನು ಅವಳನ್ನು ಅಲ್ಲಿ ನಿಲ್ಲಿಸಿದ್ದೆ.

ಆ ಬಳಿಕ ನಾನು ನಿಯಮಗಳನ್ನು ಓದಿ ತಿಳಿದುಕೊಂಡೆ. ಅಮೆರಿಕದ 1952ರ ವಲಸೆ ಕಾನೂನಿನ 214(ಬಿ) ಎಂಬ ವಿಧಿಯಂತೆ, ಸಂದರ್ಶಕ ವೀಸಾ ಬೇಡುವ ಪ್ರತಿಯೊಬ್ಬರೂ ಅಲ್ಲಿಯೇ ನೆಲೆಸಲು ಬರುವವರೆಂದು ಮೊದಲು ಭಾವಿಸಲಾಗುತ್ತದೆ. ಹಾಗಲ್ಲ, ತಾನು ಹಿಂದಿರುಗುವವನು ಎಂದು ಸಾಧಿಸುವ ಹೊಣೆ ಅರ್ಜಿದಾರನದು. ಇದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಆ ಕಾನೂನು ಎಲ್ಲ ಅರ್ಜಿದಾರರನ್ನೂ ಹೀಗೆಯೇ ನೋಡುತ್ತದೆ. ಅಲ್ಲಿರುವ ಮಗನು ಎಷ್ಟೇ ಸಂಪಾದಿಸುತ್ತಿರಲಿ, ಅವನು ಬರೆದುಕೊಡುವ ಭರವಸೆಯ ಪತ್ರ ತಾಯಿಗೆ ಊರಿನೊಡನಿರುವ ನಂಟಿನ ಸ್ಥಾನವನ್ನು ತುಂಬಲಾರದು. ಸಂದರ್ಶನ ಕೆಲವೇ ನಿಮಿಷಗಳಲ್ಲಿ ಮುಗಿಯುವುದುಂಟು. ಹೊತ್ತೊಯ್ದ ಕಾಗದಗಳ ಕಟ್ಟನ್ನು ಬಿಚ್ಚಿಸದೆಯೂ ಇರಬಹುದು. 2023ರಲ್ಲಿ 185 ಡಾಲರುಗಳಿಗೆ ಏರಿದ ಅರ್ಜಿಶುಲ್ಕ, ವೀಸಾ ದೊರೆಯದಿದ್ದರೆ ಮರಳಿ ಬರುವುದಿಲ್ಲ. ಆದರೆ ಈ ವಿಧಿಯನ್ವಯ ಒಮ್ಮೆ ತಿರಸ್ಕೃತರಾದವರು ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ.

ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿ ಸಾಮಾನ್ಯವಾಗಿ ಮಾತಿಗಿಂತ ಕಾಗದವೇ ಮುಖ್ಯ. ಇಂಗ್ಲಿಷಿನಲ್ಲಿಲ್ಲದ ಕಾಗದಕ್ಕೆ ಪೂರ್ಣ ಅನುವಾದವನ್ನು ಲಗತ್ತಿಸಬೇಕು. ಅದು ಸರಿಯಾದ ಅನುವಾದವೆಂಬ ದೃಢೀಕರಣ, ತಾರೀಕು, ಅನುವಾದಕನ ಹೆಸರು, ಸಹಿ ಎಲ್ಲವೂ ಇರಬೇಕು. ಯುರೋಪಿನ ಷೆಂಗೆನ್ ದೇಶಗಳು 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಇರಗೊಡುತ್ತವೆ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯನ್ನೂ ಕೇಳುತ್ತವೆ. ಮಾರ್ಗಗಳು ಬೇರೆಯಾದರೂ ಎಲ್ಲರ ಪ್ರಶ್ನೆ ಒಂದೇ: ಖರ್ಚಿಗೆ ಹಣವಿದೆಯೆ? ಕೆಲಸ ಮುಗಿದ ಮೇಲೆ ಹಿಂದಿರುಗುವಿರಾ?

ಮೊದಲು ಹಣದ ಮಾತು. ತೋರಿಸಿದ ಹಣ ತೋರಿಸಿದ ಆದಾಯದಿಂದಲೇ ಹುಟ್ಟಿದುದಾಗಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಗಾದೆಯೇ ಇಲ್ಲಿಯೂ ನಿಯಮ. ಕೃಷಿಕರಾದ ನಮಗೆ ತಿಂಗಳ ಸಂಬಳವಿಲ್ಲ. ಅಡಕೆ ಮಾರಿದಾಗ ಒಮ್ಮೆಗೇ ಹಣ ಬರುತ್ತದೆ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲದುದರಿಂದ ಅನೇಕರಲ್ಲಿ ಅದರ ಲೆಕ್ಕಪತ್ರವೂ ಇಲ್ಲ. ಆದರೆ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಗೆ ಅಡಕೆ ಹಾಕಿದವರ ಕೈಯಲ್ಲಿ ಮಾರಾಟದ ಬಿಲ್ಲು ಇರುತ್ತದೆ. ಆ ಬಿಲ್ಲು, ಅದೇ ಮೊತ್ತ ಜಮೆಯಾದ ಪಾಸುಪುಸ್ತಕದ ಪುಟ, ತೀರ್ವೆಯ ರಶೀದಿ, ಈ ಮೂರನ್ನು ಜೊತೆಗಿಟ್ಟರೆ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಮಗನೇ ಟಿಕೇಟಿನ ಹಣ ಕೊಡುವುದಾದರೆ ಹಾಗೆಂದೇ ಹೇಳಬೇಕು, ಅದರಲ್ಲಿ ಸಂಕೋಚವೇನು? ಸುಳ್ಳಿನ ಬೆಲೆಯಾದರೋ ಬಹು ದುಬಾರಿ. ವಂಚನೆ ಸಿದ್ಧವಾದರೆ ಬ್ರಿಟನ್ನಿನಲ್ಲಿ 10 ವರ್ಷಗಳವರೆಗೆ ಬಾಗಿಲು ಮುಚ್ಚಬಹುದು; ಅಮೆರಿಕದ ಪ್ರವೇಶಕ್ಕೆ ಶಾಶ್ವತವಾಗಿ ಅನರ್ಹರಾಗುವ ಸಂಭವವೂ ಉಂಟು.

ಇನ್ನು ಊರಿನ ನಂಟು. ಇಲ್ಲಿ ಗಡಿನಾಡಿನವರಾದ ನಮಗೆ ಪರರಿಗಿಲ್ಲದ ತೊಡಕೊಂದಿದೆ. ಅಕ್ಕನ ಮನೆಯ ಕಾಗದಪತ್ರಗಳನ್ನೇ ನೋಡಿ. ಅವಳ ಮಾವನ ಕಾಲದ ಕ್ರಯಪತ್ರ ಕನ್ನಡದಲ್ಲಿದೆ. ಅದರಲ್ಲಿ ತೋಟವಿರುವುದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸು ರಾಜ್ಯದಲ್ಲಿ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1957ರ ಬಳಿಕದ ಕಾಗದದಲ್ಲಿ ಅದೇ ತೋಟ ಕಣ್ಣಾನೂರು ಜಿಲ್ಲೆಯದು. 1984ರ ಮೇ 24ರಿಂದ ಅದು ಕಾಸರಗೋಡು ಜಿಲ್ಲೆಯದಾಯಿತು. ತೋಟವಾದರೋ ಇದ್ದಲ್ಲಿಂದ ಒಂದು ಅಂಗುಲವೂ ಕದಲಿಲ್ಲ! ಈಗಿನ ರಶೀದಿ ಮಲೆಯಾಳದಲ್ಲಿ. ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಅಕ್ಕನ ಹೆಸರಿನ ಜೊತೆಗೆ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ರೇಶನ್ ಕಾರ್ಡಿನಲ್ಲಿ ಮನೆತನದ ಹೆಸರು, ಪಾಸುಪೋರ್ಟಿನಲ್ಲಿ ಗಂಡನ ಹೆಸರು. ದೂರದೇಶದ ಅಧಿಕಾರಿ ಇವರು ಮೂವರು ಹೆಂಗಸರೆಂದು ತಿಳಿದರೆ ಆತನನ್ನು ದೂರುವಂತಿಲ್ಲ. ಹೀಗಿರುವವರು ಇಬ್ಬಗೆಯ ಹೆಸರುಗಳೂ ಒಬ್ಬರವೇ ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸಿನಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕು. ನೌಕರಿಯಲ್ಲಿರುವವರಿಗೆ ರಜೆ ಮಂಜೂರಾದ ಆಜ್ಞೆಯೇ ಹಿಂದಿರುಗುವ ಬಲವಾದ ಸಾಕ್ಷಿ.

ಮರುವರ್ಷ ಅಕ್ಕ ಮತ್ತೆ ಅರ್ಜಿ ಹಾಕಿದಳು. ಈ ಸಲ ಪಾಸುಪುಸ್ತಕದಲ್ಲಿದ್ದುದು ಹಿಂದಿನ ಸಲಕ್ಕಿಂತ ಬಹಳ ಕಡಮೆ; ಆದರೆ ಪ್ರತಿಯೊಂದು ರೂಪಾಯಿಯ ಹುಟ್ಟೂ ಅವಳಿಗೆ ತಿಳಿದಿತ್ತು. ನಾನು ಏನನ್ನೂ ಬಾಯಿಪಾಠ ಮಾಡಿಸಲಿಲ್ಲ. ಏಕೆ ಹಿಂದೆ ಬರುತ್ತೀರೆಂದು ಕೇಳಿದಾಗ ಅವಳು, “ದೀಪಾವಳಿ ಕಳೆದರೆ ಅಡಕೆ ಕೊಯ್ಲು, ಅವರೊಬ್ಬರಿಂದ ಆಗುವುದಿಲ್ಲ” ಎಂದಳಂತೆ. ವೀಸಾ ದೊರೆಯಿತು. ಮೂರು ತಿಂಗಳಿದ್ದು, ಕೊಯ್ಲಿಗೆ ಮುಂಚೆಯೇ ಊರಿಗೆ ಬಂದಳು. ಆದರೆ ಅವಳು ಮೊದಲು ನೋಡುವಾಗಲೇ ಮಗು ನಡೆಯತೊಡಗಿತ್ತು. ತೊಟ್ಟಿಲಿನ ಆ ಒಂದು ವರ್ಷವನ್ನು ನನ್ನ ಜಾಣತನವೇ ಅವಳಿಂದ ಕಸಿದುಕೊಂಡಿತು. ಅವಳು ಆ ಮಾತನ್ನು ಎಂದೂ ಎತ್ತಿಲ್ಲ. ನಾನು ಮರೆತೂ ಇಲ್ಲ.

ಅಧ್ಯಕ್ಷರೆ, ನಮ್ಮ ಸಂಘದಲ್ಲಿ ಕನ್ನಡ, ಮಲೆಯಾಳ, ಇಂಗ್ಲಿಷು ಮೂರನ್ನೂ ಬಲ್ಲ ನಿವೃತ್ತ ಅಧ್ಯಾಪಕರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಸಂಘದ ಕೊಠಡಿಯಲ್ಲಿ ಕುಳಿತು ಹಿರಿಯರ ಕಾಗದಪತ್ರಗಳನ್ನು ಅನುವಾದಿಸಿಕೊಟ್ಟರೆ, ಹೆಸರು ವಿಳಾಸಗಳ ತೊಡಕನ್ನು ಮೊದಲೇ ತೋರಿಸಿಕೊಟ್ಟರೆ, ಅದೂ ಕನ್ನಡದ ಸೇವೆಯೇ ಎಂದು ನಾನು ಭಾವಿಸುತ್ತೇನೆ. ಈ ಕೆಲಸಕ್ಕೆ ಮೊದಲನೆಯವನಾಗಿ ನನ್ನ ಹೆಸರನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.

ಊರಿನ ಋಣ ನಮಗೆ ಹೊಸತಲ್ಲ. ರಾಜ್ಯವೂ ಜಿಲ್ಲೆಯೂ ಹೆಸರು ಬದಲಿಸಿದಾಗಲೂ ನಾವು ಇದ್ದಲ್ಲಿಯೇ ಇದ್ದು ಆ ಋಣವನ್ನು ಉಳಿಸಿಕೊಂಡವರು. ಪರರು ಅದಕ್ಕೆ ಸಾಕ್ಷಿ ಕೇಳಿದಾಗ ಇರುವುದನ್ನು ಇದ್ದಂತೆ ಹೇಳಲು ನಾಚದಿರೋಣ.